ಸಂಗಾತಿ ತೀರಿಕೊಂಡ ಮೇಲೆ ಮತ್ತೊಂದು ಜೊತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಗಂಡನೋ ಹೆಂಡತಿಯೋ ತೀರಿಕೊಂಡ ಮೇಲೆ ಮತ್ತೆ ಒಬ್ಬರನ್ನು ಇಷ್ಟಪಡುವುದರ ಬಗ್ಗೆ, ಜೊತೆಗೂಡುವುದರ ಬಗ್ಗೆ ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಹೆಚ್ಚಿನವರು ಶುರು ಮಾಡುವುದು ಮನಸ್ಸಿನ ಪ್ರಶ್ನೆಯಿಂದ. ಜಗಳ ಹುಟ್ಟುವುದು ಮಾತ್ರ ಖಾತೆ, ಒಡವೆ, ಗೋಡೆ ಮೇಲಿನ ಫೋಟೋ ಇಂಥವುಗಳಿಂದ. ಹಾಗಾಗಿ ಇಲ್ಲಿ ಎರಡೂ ಇವೆ. ಆಸ್ತಿಯ ಉತ್ತರಗಳು ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯವಾಗುವವರಿಗೆ. ಬೇರೆಯವರಿಗೆ ನಿಯಮ ಬೇರೆ ಇರುವಲ್ಲಿ ಕೆಲವೆಡೆ ಹೇಳಿದ್ದೇವೆ.

## ಮೊದಲ ಗೊಂದಲಗಳು

"ಎಷ್ಟು ದಿನ ಕಾಯಬೇಕು? ಎಲ್ಲರೂ ವರ್ಷ ಕಳೀಲಿ ಅಂತಾರೆ."

ಹಿಂದೂ ವಿವಾಹ ಕಾಯ್ದೆಯಲ್ಲಾಗಲಿ ವಿಶೇಷ ವಿವಾಹ ಕಾಯ್ದೆಯಲ್ಲಾಗಲಿ ಇಂತಿಷ್ಟು ದಿನ ಕಾಯಬೇಕೆಂದು ಇಲ್ಲ. ಮುಸ್ಲಿಂ ವಿಧವೆಗೆ ಇದ್ದತ್, ಅಂದರೆ ಮರುಮದುವೆಗೆ ಮುನ್ನ ಕಾಯುವ ಅವಧಿ, ನಾಲ್ಕು ತಿಂಗಳು ಹತ್ತು ದಿನ. ಗರ್ಭಿಣಿಯಾಗಿದ್ದರೆ ಹೆರಿಗೆಯ ತನಕ. ವರ್ಷಾಬ್ದಿಕ ಮುಗಿಯುವ ತನಕ ಶುಭಕಾರ್ಯ ಬೇಡ ಅನ್ನುವುದು ಸಂಪ್ರದಾಯ, ಅದು ಮನೆಯಿಂದ ಮನೆಗೆ ಬದಲಾಗುತ್ತದೆ.

ಆದರೂ ವರ್ಷದ ಮಾತಿನಲ್ಲಿ ಹುರುಳಿದೆ. ಅವರಿಲ್ಲದ ಮೊದಲ ಯುಗಾದಿ, ಗೌರಿ ಹಬ್ಬ, ಮದುವೆಯ ದಿನ, ಮಗುವಿನ ಹುಟ್ಟುಹಬ್ಬ, ಮೊದಲ ತಿಥಿ ಇಷ್ಟನ್ನೂ ಒಂದು ಸುತ್ತು ದಾಟಿದವರಿಗೆ ತಮ್ಮ ಮನಸ್ಸು ಎಲ್ಲಿ ಕುಸಿಯುತ್ತದೆ ಎಂದು ತಿಳಿದಿರುತ್ತದೆ. ಪರಿಚಯಕ್ಕೆ, ಮಾತಿಗೆ, ಸ್ನೇಹಕ್ಕೆ ಈ ಗಡುವು ಬೇಕಿಲ್ಲ. ಮನೆ ಮಾರುವುದು, ಊರು ಬಿಡುವುದು, ಕೆಲಸ ಬಿಡುವುದು, ಮದುವೆಗೆ ದಿನ ಗೊತ್ತು ಮಾಡುವುದು, ಈ ನಾಲ್ಕನ್ನು ಮಾತ್ರ ಸುತ್ತು ಮುಗಿಯುವ ತನಕ ತಡೆಹಿಡಿಯಿರಿ. ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದ ಸಂಗಾತಿಯನ್ನು ನೋಡಿಕೊಂಡವರ ಲೆಕ್ಕ ಬೇರೆ. ಅವರು ಅರ್ಧ ಅಳುವನ್ನು ಆಸ್ಪತ್ರೆಯ ಬೆಂಚಿನ ಮೇಲೆಯೇ ಅತ್ತು ಮುಗಿಸಿರುತ್ತಾರೆ. ಆರು ತಿಂಗಳಿಗೇ ಹಗುರಾದರೆ ಅದಕ್ಕೆ ನಾಚಬೇಕಿಲ್ಲ.

"ಇನ್ನೊಬ್ಬರು ಇಷ್ಟ ಆದರೆ ಅವರನ್ನ ಮರೆತ ಹಾಗಲ್ವಾ?"

ಅಲ್ಲ. ಸತ್ತವರ ನಂಟನ್ನು ಕಡಿದುಕೊಂಡರೆ ಮಾತ್ರ ಮುಂದಿನ ಬದುಕು ಸಾಧ್ಯ ಎಂದು ಮನೋವೈದ್ಯರೇ ಬಹುಕಾಲ ನಂಬಿದ್ದರು. 1996ರ ಹೊತ್ತಿಗೆ ಈ ನಂಬಿಕೆಯನ್ನು ಸಂಶೋಧಕರು ಬಹಿರಂಗವಾಗಿ ಪ್ರಶ್ನಿಸಿದರು: ಹೋದವರ ಜೊತೆಗಿನ ನಂಟು ರೂಪ ಬದಲಿಸಿ ಉಳಿಯುತ್ತದೆ, ಅದು ರೋಗವಲ್ಲ. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ಯಾರಿಗೂ ಇದು ಹೊಸ ಸಂಗತಿಯಲ್ಲ. ಇನ್ನು ಆ ಪ್ರಸಿದ್ಧ 'ದುಃಖದ ಐದು ಹಂತ'. 1969ರಲ್ಲಿ ಅದು ಹೊರಬಂದದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳನ್ನು ಮಾತಾಡಿಸಿ. ಹಿಂದೆ ಉಳಿದವರು ಮೆಟ್ಟಿಲು ಹತ್ತಿದಂತೆ ಅದನ್ನು ದಾಟಬೇಕು ಎಂದೇನಿಲ್ಲ. ಬೆಳಿಗ್ಗೆ ಹೊಸಬರ ಸಂದೇಶ ನೋಡಿ ನಕ್ಕು, ಸಂಜೆ ಹಳೆಯ ಅಂಗಿ ಹಿಡಿದು ಅಳುವುದು ಒಂದೇ ದಿನದಲ್ಲಿ ಆಗಬಹುದು. ಎರಡೂ ನಿಜವೇ.

"ಇದು ಪ್ರೀತಿನೋ ಬರೀ ಒಂಟಿತನನೋ, ಹೇಗೆ ಗೊತ್ತಾಗುತ್ತೆ?"

ಸಂಜೆ ಏಳರಿಂದ ಒಂಬತ್ತರವರೆಗೆ ನಿಮಗೆ ಯಾವುದು ಇಲ್ಲ ಅನ್ನಿಸುತ್ತದೆ ಎಂದು ಎರಡು ವಾರ ಬರೆದಿಡಿ. ಬಿಸಿ ಊಟ, ಕರೆಂಟ್ ಬಿಲ್ಲು, ಮಕ್ಕಳ ಹೋಂವರ್ಕ್ ಇಂಥವೇ ಪಟ್ಟಿ ತುಂಬಿದರೆ ಅವಕ್ಕೆ ಬೇರೆ ಪರಿಹಾರ ಇದೆ. ಅಡುಗೆಯವರನ್ನು ಮೂರು ತಿಂಗಳು ಇಟ್ಟುಕೊಂಡು ನೋಡಿ. ಮದುವೆಯ ಆಸೆ ಅಷ್ಟರಲ್ಲೇ ತಣ್ಣಗಾದರೆ ನಿಮಗೆ ಬೇಕಿದ್ದದ್ದು ಹೆಂಡತಿಯಲ್ಲ. ನೇರವಾಗಿ ಹೇಳಬೇಕೆಂದರೆ ಈ ಮಾತು ಗಂಡಸರಿಗೇ ಹೆಚ್ಚು ಅನ್ವಯಿಸುತ್ತದೆ. ಹೆಂಗಸರ ಪಟ್ಟಿಯಲ್ಲಿ ಬ್ಯಾಂಕು, ಜಮೀನು, ರಾತ್ರಿಯ ಭಯ ಬರುತ್ತವೆ. ಪಟ್ಟಿಯಲ್ಲಿ 'ಇವತ್ತು ಹೀಗಾಯ್ತು ಅಂತ ಅವರಿಗೇ ಹೇಳಬೇಕು' ಎಂದು ಒಬ್ಬರದೇ ಹೆಸರು ಮತ್ತೆ ಮತ್ತೆ ಬಂದರೆ ಅದನ್ನು ಒಂಟಿತನ ಎಂದು ತಳ್ಳಿಹಾಕಬೇಡಿ.

"ಎರಡು ವರ್ಷ ಆಯ್ತು, ದುಃಖ ಕಮ್ಮಿನೇ ಆಗ್ತಿಲ್ಲ. ಮದುವೆ ಮಾಡಿದ್ರೆ ಸರಿಹೋಗುತ್ತಾ?"

ಮದುವೆ ಔಷಧಿಯಲ್ಲ. ದಿನವೂ ಹಂಬಲ, ನಂಬಲಾಗದ ಸ್ಥಿತಿ, ಊಟ ಕೆಲಸ ಯಾವುದೂ ಬೇಡ ಅನ್ನಿಸುವುದು ವರ್ಷ ದಾಟಿದರೂ ಹಾಗೇ ಇದ್ದರೆ ಅದಕ್ಕೆ ವೈದ್ಯಕೀಯದಲ್ಲಿ ದೀರ್ಘಕಾಲದ ಶೋಕದ ಕಾಯಿಲೆ ಎಂದೇ ಹೆಸರಿದೆ, ಚಿಕಿತ್ಸೆಯೂ ಇದೆ. ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮೊದಲು ಅದು, ಆಮೇಲೆ ಜೊತೆಯ ಯೋಚನೆ.

## ಹುಡುಕಾಟ

"ಮ್ಯಾಟ್ರಿಮೊನಿ ಪ್ರೊಫೈಲ್‌ನಲ್ಲಿ ಏನು ಬರೀಬೇಕು?"

'ವಿಧುರ' ಅಥವಾ 'ವಿಧವೆ' ಎಂದು ಸ್ಪಷ್ಟವಾಗಿ ಬರೆಯಿರಿ, ಸಂಗಾತಿ ತೀರಿಕೊಂಡ ವರ್ಷ ಹಾಕಿ. ಮಕ್ಕಳ ಸಂಖ್ಯೆ, ವಯಸ್ಸು, ಅವರು ನಿಮ್ಮ ಜೊತೆಯೇ ಇರುತ್ತಾರೆಯೇ ಎಂಬುದು ಇರಲಿ. 'ಮಕ್ಕಳ ಜವಾಬ್ದಾರಿ ಇಲ್ಲ' ಎಂದು ಬರೆದು ಆಮೇಲೆ ಮಗನನ್ನು ಅಜ್ಜಿ ಮನೆಯಿಂದ ಕರೆತಂದ ಸಂದರ್ಭಗಳಲ್ಲಿ ಮದುವೆ ಮುರಿದಿದೆ. ತಿಂಗಳ ಆದಾಯ, ಪಿಂಚಣಿ, ವಿಮೆ ಹಣ ಬಂದ ವಿಷಯ ಬರೆಯಲೇಬೇಡಿ. ಮಕ್ಕಳ ಫೋಟೋ ಬೇಡ. ಹೋದವರ ಜೊತೆ ತೆಗೆಸಿಕೊಂಡ ಫೋಟೋ ಕತ್ತರಿಸಿ ಹಾಕಬೇಡಿ. ಹೆಗಲ ಮೇಲಿನ ಅರ್ಧ ಕೈ ಎಲ್ಲರ ಕಣ್ಣಿಗೂ ಬೀಳುತ್ತದೆ.

"ಲಂಡನ್‌ನಲ್ಲಿರೋ ಡಾಕ್ಟರ್ ಅಂತೆ, ಅವರ ಹೆಂಡತಿನೂ ಹೋಗಿದಾರಂತೆ. ಉಡುಗೊರೆ ಕಳಿಸಿದಾರೆ, ಕಸ್ಟಮ್ಸ್‌ನಲ್ಲಿ ಸಿಕ್ಕಿಹಾಕಿಕೊಂಡಿದೆ..."

ಹಣ ಹಾಕಬೇಡಿ. ಪಾರ್ಸಲ್ಲೂ ಇಲ್ಲ, ಡಾಕ್ಟರೂ ಇಲ್ಲ. ಈ ಮೋಸ ಎಲ್ಲೆಡೆ ಒಂದೇ ಕ್ರಮದಲ್ಲಿ ನಡೆಯುತ್ತದೆ: ವಾರದೊಳಗೆ ವಾಟ್ಸಾಪಿಗೆ ಎಳೆಯುವುದು, ವಿಡಿಯೊ ಕರೆಗೆ ನೆಪ, ನಿಮ್ಮದೇ ದುಃಖದ ಕನ್ನಡಿಯಂಥ ಕಥೆ, ಆಮೇಲೆ ಪಾರ್ಸಲ್ ಅಥವಾ ವಿಮಾನ ನಿಲ್ದಾಣದಲ್ಲಿ ತಡೆ, ಕೊನೆಗೆ 'ಅಧಿಕಾರಿ'ಯ ಕರೆ. ಮೊದಲ ಮೊತ್ತ ಚಿಕ್ಕದು. ಅದು ಸಂದಾಯವಾದರೆ ಮುಂದಿನದು ದೊಡ್ಡದು. ಈಗಾಗಲೇ ಹಾಕಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಗೆ ಹಾರುವ ಮೊದಲು ದೂರು ತಲುಪಿದರೆ ತಡೆಹಿಡಿಯುವ ಸಾಧ್ಯತೆ ಇದೆ.

ಊರಿನವರೇ ಆದರೂ ಮರಣ ಪ್ರಮಾಣಪತ್ರ ನೋಡದೆ ಮುಂದುವರಿಯಬೇಡಿ. ವಿಚ್ಛೇದಿತರಾದರೆ ನ್ಯಾಯಾಲಯದ ಡಿಕ್ರಿ ಕೇಳಿ. 'ಹತ್ತು ವರ್ಷದಿಂದ ಬೇರೆ ಇದೀವಿ' ಅಂದರೆ ವಿಚ್ಛೇದನ ಆದಂತಲ್ಲ. ಮೊದಲ ಸಂಗಾತಿ ಬದುಕಿದ್ದು ಮದುವೆ ಊರ್ಜಿತದಲ್ಲಿರುವಾಗ ಇನ್ನೊಂದು ಮದುವೆಯಾದರೆ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಡಿ ಏಳು ವರ್ಷದವರೆಗೆ, ಅದನ್ನು ಮುಚ್ಚಿಟ್ಟಿದ್ದರೆ ಹತ್ತು ವರ್ಷದವರೆಗೆ ಶಿಕ್ಷೆ ಇದೆ.

"ಮೊದಲ ಭೇಟಿಯಲ್ಲಿ ಅವಳ ಬಗ್ಗೆ ಎಷ್ಟು ಮಾತಾಡಬಹುದು?"

ಹೆಸರು, ಏನಾಯಿತು, ಯಾವಾಗ: ಐದು ನಿಮಿಷ ಸಾಕು. ಪೂರ್ತಿ ಬಾಯಿ ಕಟ್ಟಿಕೊಂಡರೆ ಎದುರಿನವರು ಅಲ್ಲಿ ಏನೋ ಮುಚ್ಚಿದ್ದಾರೆ ಅಂದುಕೊಳ್ಳುತ್ತಾರೆ. ಕಾಫಿ ಮುಗಿಯುವ ತನಕ ಅದೇ ಆದರೆ ತಾವು ಸಂತಾಪ ಹೇಳಲು ಬಂದವರೇನೋ ಅನ್ನಿಸುತ್ತದೆ. ಹೋಲಿಕೆ ಮಾತ್ರ ಬೇಡ, ಹೊಗಳಿಕೆಯ ಹೋಲಿಕೆಯೂ ಬೇಡ.

## ಮನೆಯವರು

"ನಮ್ಮ ಅಪ್ಪಾರಿಗೆ ಅರವತ್ಮೂರು. ಈಗ ಮದುವಿ ಆಗ್ತೀನಿ ಅಂತಾರ್ರೀ. ಮಂದಿ ಏನಂತಾರ?"

ಮಂದಿ ಒಂದು ತಿಂಗಳು ಮಾತಾಡುತ್ತಾರೆ. ನಿಮ್ಮ ಅಪ್ಪಾರು ಇನ್ನೂ ಇಪ್ಪತ್ತು ವರ್ಷ ಬದುಕಬಹುದು. ಆ ಇಪ್ಪತ್ತು ವರ್ಷದ ರಾತ್ರಿಗಳಲ್ಲಿ ನೀವು ಎಷ್ಟು ರಾತ್ರಿ ಅವರ ಮನೆಯಲ್ಲಿರುತ್ತೀರಿ ಎಂದು ಲೆಕ್ಕ ಹಾಕಿದರೆ ಪ್ರಶ್ನೆಯೇ ಬೇರೆಯಾಗಿ ಕಾಣುತ್ತದೆ.

ಮಂದಿಯ ಹೆಸರಿನಲ್ಲಿ ಹೆಚ್ಚಾಗಿ ಆಸ್ತಿಯ ಅಂಜಿಕೆ ಅಡಗಿರುತ್ತದೆ, ಅದನ್ನು ಹೇಳಿಕೊಳ್ಳಲು ನಾಚಿಕೆ. ನಾಚಿಕೆ ಬಿಟ್ಟು ಅದನ್ನೇ ಕೂತು ಮಾತಾಡಿ. ಒಂದು ಹಾಳೆಯಲ್ಲಿ ನಾಲ್ಕು ಸಾಲು: ಪಿತ್ರಾರ್ಜಿತ ಯಾವುದು, ಅಪ್ಪನ ಸ್ವಯಾರ್ಜಿತ ಯಾವುದು, ಅವ್ವನ ಹೆಸರಿನಲ್ಲಿದ್ದದ್ದು ಯಾವುದು, ಸಾಲ ಎಷ್ಟು. ಪಿತ್ರಾರ್ಜಿತದಲ್ಲಿ ನಿಮ್ಮ, ನಿಮ್ಮ ಅಕ್ಕತಂಗಿಯರ ಪಾಲು ಹುಟ್ಟಿನಿಂದ ಬಂದದ್ದು; ಅಪ್ಪ ಅದನ್ನು ಉಯಿಲಿನಲ್ಲಿ ಬೇರೆಯವರಿಗೆ ಬರೆಯಲಾಗದು. ಸ್ವಯಾರ್ಜಿತ ಅವರಿಷ್ಟ. 'ಮದುವೆಗೆ ಮುಂಚೆ ಮನೆ ನಮ್ಮ ಹೆಸರಿಗೆ ಬರೆದುಕೊಡಿ' ಎಂದು ದಾನಪತ್ರಕ್ಕೆ ಒತ್ತಾಯಿಸುವುದು ನಮಗೆ ಸರಿ ಕಾಣುವುದಿಲ್ಲ. ಬರೆಯಲೇಬೇಕಾದರೆ 'ಕೊನೆತನಕ ನೋಡಿಕೊಳ್ಳುವ ಷರತ್ತಿನ ಮೇಲೆ' ಎಂಬ ಸಾಲು ಪತ್ರದಲ್ಲೇ ಇರಲಿ. ಆಗ ಮಕ್ಕಳು ಕೈಬಿಟ್ಟರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಯವರ ಮುಂದೆ ಆ ಪತ್ರ ರದ್ದು ಮಾಡಿಸಲು ಗಟ್ಟಿ ಆಧಾರ ಇರುತ್ತದೆ.

"ಮಗಳಿಗೆ ಹನ್ನೊಂದು. ಹೇಗೆ ಹೇಳೋದು? ಅವರನ್ನ ಅಪ್ಪ ಅಂತ ಕರೀಬೇಕಾ?"

ಮದುವೆ ಖಚಿತವಾಗುವ ಮೊದಲು ಹತ್ತು ಜನರನ್ನು ಪರಿಚಯಿಸಬೇಡಿ. ಖಚಿತವಾದ ಮೇಲೆ ಕೊನೆ ವಾರದವರೆಗೂ ಮುಚ್ಚಿಡಬೇಡಿ. ನೆಂಟರ ಬಾಯಿಂದ ತಿಳಿಯುವ ಮೊದಲು ನಿಮ್ಮ ಬಾಯಿಂದ, ಹೊಸಬರು ಎದುರಿಗಿಲ್ಲದಾಗ ಹೇಳಿ. ಮಗು ಬಾಯಿಬಿಟ್ಟು ಕೇಳದ ಮೂರು ಪ್ರಶ್ನೆಗಳಿಗೆ ನೀವೇ ಉತ್ತರ ಕೊಡಿ: ನಾವು ಎಲ್ಲಿ ಇರುತ್ತೇವೆ, ನಾನು ಯಾರ ಪಕ್ಕ ಮಲಗುತ್ತೇನೆ, ಅಪ್ಪನ ಫೋಟೋ ಎಲ್ಲಿರುತ್ತದೆ. 'ಇವರೇ ಇನ್ಮೇಲೆ ನಿನ್ನ ಅಪ್ಪ' ಅನ್ನಬೇಡಿ. ಅಂಕಲ್, ಮಾಮ, ಹೆಸರಿನ ಜೊತೆ ಅಣ್ಣ, ಏನಾದರೂ ಸರಿ, ಆಯ್ಕೆ ಅವಳದು. ಅಪ್ಪನನ್ನು ಅಪ್ಪಾಜಿ ಅನ್ನುತ್ತಿದ್ದವಳಿಗೆ ಇವರು ಪಪ್ಪ ಆಗಬಹುದು, ವರ್ಷ ಹಿಡಿಯಬಹುದು, ಆಗದೆಯೂ ಇರಬಹುದು. ಮೊದಲ ವರ್ಷ ಬೈಯುವ, ಶಿಸ್ತು ಹೇಳುವ ಕೆಲಸ ಹೆತ್ತವರದೇ ಇರಲಿ. ಹೊಸಬರು ಸ್ಕೂಲ್ ಬಸ್ಸಿಗೆ ಬಿಡುವುದು, ಸೈಕಲ್ ಪಂಕ್ಚರ್ ಹಾಕಿಸುವುದು ಇಂಥ ಕೆಲಸಗಳಿಂದ ಶುರು ಮಾಡಿದರೆ ನಂಬಿಕೆ ತಾನಾಗಿ ಬೆಳೆಯುತ್ತದೆ.

"ಅತ್ತೆ ಮಾವ ಮೊಮ್ಮಗನ್ನ ಬಿಟ್ಟುಕೊಡಲ್ಲ ಅಂತಾರೆ."

ಹಿಂದೂ ಅಪ್ರಾಪ್ತ ವಯಸ್ಕರ ಪಾಲಕತ್ವ ಕಾಯ್ದೆಯಂತೆ ತಂದೆಯ ನಂತರ ತಾಯಿಯೇ ಸಹಜ ಪಾಲಕಿ. ಮರುಮದುವೆಯಾದ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ. ವ್ಯಾಜ್ಯ ನ್ಯಾಯಾಲಯಕ್ಕೆ ಹೋದರೆ ಮಗುವಿನ ಹಿತ ನೋಡಿ ತೀರ್ಮಾನವಾಗುತ್ತದೆ. ಆದರೆ ಮಗ ಹೋದವರಿಗೆ ಮೊಮ್ಮಗನೂ ಕೈಬಿಟ್ಟುಹೋಗುತ್ತಾನೆಂಬ ಭಯ ಸುಳ್ಳಲ್ಲ. ಯಾವ ರಜೆ ಅಜ್ಜಿ ಮನೆಯಲ್ಲಿ, ಅಪ್ಪನ ತಿಥಿಗೆ ಯಾರು ಕರೆದುಕೊಂಡು ಬರುತ್ತಾರೆ, ಭಾನುವಾರ ಎಷ್ಟು ಗಂಟೆಗೆ ವಿಡಿಯೊ ಕರೆ ಎಂಬುದನ್ನು ಮದುವೆಗೆ ಮೊದಲೇ ಗೊತ್ತು ಮಾಡಿ. 'ಯಾವಾಗ ಬೇಕಾದ್ರೂ ಬನ್ನಿ' ಎಂಬ ಔದಾರ್ಯಕ್ಕಿಂತ 'ದಸರಾ ರಜೆ ಪೂರ್ತಿ ನಿಮ್ಮಲ್ಲಿ' ಎಂಬ ಮಾತು ಅವರಿಗೆ ಸಮಾಧಾನ ಕೊಡುತ್ತದೆ.

"ಹಾಲ್‌ನಲ್ಲಿ ಅವರ ಫೋಟೋಗೆ ಹಾರ ಹಾಕಿದೀವಿ. ಹೊಸ ಮದುವೆ ಆದ್ಮೇಲೆ ತೆಗೀಬೇಕಾ? ತಾಳಿ ಏನು ಮಾಡೋದು?"

ಮದುವೆಯ ಹಿಂದಿನ ದಿನ ಗುಟ್ಟಾಗಿ ತೆಗೆಯುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಮರುದಿನ ಗೋಡೆ ಮೇಲಿನ ಮಾಸದ ಚೌಕ ಮಕ್ಕಳಿಗೆ ಫೋಟೋಗಿಂತ ಜೋರಾಗಿ ಕಾಣುತ್ತದೆ. ಹೊಸಬರು, ಮಕ್ಕಳು ಇಬ್ಬರನ್ನೂ ಕೇಳಿ, ಮಕ್ಕಳ ಕೋಣೆಗೋ ದೇವರ ಮನೆಯ ಪಕ್ಕದ ಗೋಡೆಗೋ ಮಕ್ಕಳ ಕೈಯಿಂದಲೇ ಇಡಿಸಿ. ಮಲಗುವ ಕೋಣೆಯಲ್ಲಿ ಬೇಡ. ತಿಥಿ ಮಕ್ಕಳು ಮಾಡುತ್ತಾರೆ. ಹೊಸ ಸಂಗಾತಿ ಎಲೆ ಹಾಕಿ ಬಡಿಸಿದರೆ ಯಾವ ಶಾಸ್ತ್ರವೂ ಕೆಡುವುದಿಲ್ಲ, ಬಲವಂತ ಮಾತ್ರ ಮಾಡಬೇಡಿ. ಹಳೆಯ ತಾಳಿಯನ್ನು ಕರಗಿಸಿ ಹೊಸ ತಾಳಿ ಮಾಡಿಸುವ ಉಳಿತಾಯದ ಯೋಚನೆ ಬೇಡ. ಬೊಟ್ಟುಗಳನ್ನು ಮಗಳಿಗೆ ಎತ್ತಿಡುವುದು, ಮಗನಿಗೆ ಉಂಗುರ ಮಾಡಿಸುವುದು ರೂಢಿಯಲ್ಲಿದೆ.

## ಮದುವೆ, ನೋಂದಣಿ

"ವಿಧವೆಗೆ ಧಾರೆ ಎರೆಯೋ ಹಾಗಿಲ್ಲ, ಸೀರೆ ಉಡಿಸಿ ಕರ್ಕೊಂಡು ಹೋಗ್ಬೇಕು ಅಂತಾರೆ. ನಿಜನಾ?"

ಉತ್ತರ ಕರ್ನಾಟಕದ 'ಉಡಕಿ', ಬೇರೆಡೆಯ 'ಸೀರುಡಿಕೆ', 'ಕೂಡಿಕೆ' ಹಳೆಯ ಪದ್ಧತಿಗಳು. ಅನೇಕ ಸಮುದಾಯಗಳಲ್ಲಿ ವಿಧವೆ ಮರುಮದುವೆಯಾಗುವುದು 1856ರ ವಿಧವಾ ಮರುವಿವಾಹ ಕಾಯ್ದೆಗೆ ಬಹಳ ಮೊದಲಿನಿಂದಲೂ ಇತ್ತು, ಆದರೆ ರಾತ್ರಿ ಹೊತ್ತು, ಮುತ್ತೈದೆಯರನ್ನು ದೂರ ಇಟ್ಟು, ಸದ್ದಿಲ್ಲದೆ. ಇವತ್ತು ಆ ಕತ್ತಲು ಬೇಕಿಲ್ಲ. ಹಿಂದೂ ವಿವಾಹ ಕಾಯ್ದೆಯ 7ನೇ ಕಲಂ ಎರಡರಲ್ಲಿ ಒಂದು ಕಡೆಯ ರೂಢಿಯ ಶಾಸ್ತ್ರ ನಡೆದರೆ ಸಾಕು ಅನ್ನುತ್ತದೆ. ಮೊದಲನೆಯದು, ಎರಡನೆಯದು ಎಂಬ ಭೇದ ಅಲ್ಲಿಲ್ಲ. ಹಗಲಲ್ಲಿ, ಓಲಗದ ಜೊತೆ, ಧಾರೆ ಎರೆದು ಮಾಡಿ. ತಾಯಿಯ ಮದುವೆಗೆ ಮಗನೇ ಮುಂದೆ ನಿಂತು ಧಾರೆ ಎರೆಯುವುದೂ ಉಂಟು. ಮಂತ್ರಮಾಂಗಲ್ಯದಂಥ ಶಾಸ್ತ್ರವಿಲ್ಲದ ಸರಳ ಮದುವೆಯಾದರೆ ಮುಂದೆ ತಕರಾರು ಬಾರದಂತೆ ವಿಶೇಷ ವಿವಾಹ ಕಾಯ್ದೆಯಡಿಯೂ ನೋಂದಾಯಿಸಿ.

"ರಿಜಿಸ್ಟರ್ ಮಾಡಿಸೋಕೆ ಏನೇನು ಬೇಕು?"

ಇಬ್ಬರ ವಯಸ್ಸು, ವಿಳಾಸದ ದಾಖಲೆ, ಫೋಟೋ, ಮದುವೆಯ ಆಮಂತ್ರಣ ಪತ್ರ ಅಥವಾ ಮದುವೆ ನಡೆದದ್ದಕ್ಕೆ ಪುರಾವೆ, ಮೂವರು ಸಾಕ್ಷಿಗಳು, ಹಿಂದಿನ ಸಂಗಾತಿಯ ಮರಣ ಪ್ರಮಾಣಪತ್ರ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ. ಅರ್ಜಿಯನ್ನು ಕಾವೇರಿ ಜಾಲತಾಣದಲ್ಲಿ ಹಾಕಬಹುದು. ವಿಶೇಷ ವಿವಾಹ ಕಾಯ್ದೆಯಾದರೆ ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿರಬೇಕು, ನೋಟಿಸ್ ಕೊಟ್ಟು 30 ದಿನ ಕಾಯಬೇಕು, ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ಮುಗಿಯಬೇಕು. ಕೆಲಸ ಕೆಡುವುದು ಎಲ್ಲಿ ಗೊತ್ತೇ? ಮರಣ ಪ್ರಮಾಣಪತ್ರದಲ್ಲಿ 'ಮಂಜುನಾಥ', ಆಧಾರ್‌ನಲ್ಲಿ 'ಮಂಜುನಾಥ ಕೆ. ಎಸ್.' ಅಂತಿರುವಲ್ಲಿ. ಹೆಸರಿನ ತಿದ್ದುಪಡಿ ಮೊದಲೇ ಮಾಡಿಸಿ.

ಗಂಡ ಕಾಣೆಯಾಗಿ ಏಳು ವರ್ಷ ಕಳೆದಿದ್ದರೆ ಸತ್ತನೆಂದು ಭಾವಿಸಲು ಕಾನೂನಿನಲ್ಲಿ ಅವಕಾಶವಿದೆ. ಆದರೆ ನಿಮ್ಮಷ್ಟಕ್ಕೆ ಭಾವಿಸಿಕೊಂಡು ಮದುವೆಯಾಗಬೇಡಿ, ನ್ಯಾಯಾಲಯದ ಘೋಷಣೆ ತನ್ನಿ.

## ಹಣ, ಆಸ್ತಿ, ಒಡವೆ

"ಮರುಮದುವೆ ಆದ್ರೆ ಪಿಂಚಣಿ ಹೋಗುತ್ತಾ?"

ಯಾವ ಪಿಂಚಣಿ ಎನ್ನುವುದರ ಮೇಲೆ ನಿಂತಿದೆ. ಕೇಂದ್ರ ಸರ್ಕಾರದ ಕುಟುಂಬ ಪಿಂಚಣಿ ಮರುಮದುವೆಗೆ ನಿಲ್ಲುತ್ತದೆ ಮತ್ತು ಅರ್ಹ ಮಕ್ಕಳಿಗೆ ಹೋಗುತ್ತದೆ. ಮಕ್ಕಳಿಲ್ಲದ ವಿಧವೆಗೆ ಮಾತ್ರ ವಿನಾಯಿತಿ: ಅವಳ ಸ್ವಂತ ಆದಾಯ ಕನಿಷ್ಠ ಕುಟುಂಬ ಪಿಂಚಣಿಗಿಂತ, ಅಂದರೆ 9,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿ ಪರಿಹಾರಕ್ಕಿಂತ ಕಡಿಮೆ ಇದ್ದರೆ ಮರುಮದುವೆಯ ನಂತರವೂ ಪಿಂಚಣಿ ಮುಂದುವರಿಯುತ್ತದೆ. ಖಾಸಗಿ ಕೆಲಸಗಾರರ ಭವಿಷ್ಯನಿಧಿ ಪಿಂಚಣಿ ಸಹ ಮರುಮದುವೆಗೆ ನಿಲ್ಲುತ್ತದೆ. ಆಗ ಮಕ್ಕಳಿಗೆ ಸಿಗುತ್ತಿದ್ದ 25 ಪ್ರತಿಶತ ಏರಿ, ಅನಾಥ ಮಕ್ಕಳ ದರದಲ್ಲಿ ವಿಧವಾ ಪಿಂಚಣಿಯ 75 ಪ್ರತಿಶತ ಆಗುತ್ತದೆ. ಇದನ್ನು ಕೇಳಿ ಪಡೆಯಬೇಕು, ತಾನಾಗಿ ಬರುವುದಿಲ್ಲ. ರಾಜ್ಯ ಸರ್ಕಾರದ ನೌಕರರಿಗೆ ನಿಯಮಾವಳಿ ಬೇರೆ. ಖಜಾನೆಯಿಂದ ಲಿಖಿತ ಉತ್ತರ ಪಡೆಯಿರಿ, ಕೌಂಟರಿನ ಮಾತು ನಂಬಬೇಡಿ. ಸಾಮಾಜಿಕ ಭದ್ರತೆಯ ವಿಧವಾ ವೇತನ ಮರುಮದುವೆಗೆ ನಿಲ್ಲುತ್ತದೆ. ಪರಿಶಿಷ್ಟ ಜಾತಿಯ ವಿಧವೆಯರ ಮರುಮದುವೆಗೆ ಸಮಾಜ ಕಲ್ಯಾಣ ಇಲಾಖೆಯ ಪ್ರೋತ್ಸಾಹಧನ ಯೋಜನೆ ಇದೆ, ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ.

ಮುಚ್ಚಿಟ್ಟು ಪಿಂಚಣಿ ಪಡೆದರೆ ಪಡೆದದ್ದಷ್ಟನ್ನೂ ವಸೂಲಿ ಮಾಡುತ್ತಾರೆ. ಅನುಕಂಪದ ನೌಕರಿ ಹೋಗುತ್ತದೆಂಬ ಹೆದರಿಕೆ ಬೇಡ: ಆ ಆಧಾರದಲ್ಲಿ ಸೇರಿದ ವಿಧವೆ ಮರುಮದುವೆಯ ನಂತರವೂ ಕೆಲಸದಲ್ಲಿ ಮುಂದುವರಿಯಬಹುದು ಎಂದು ಕೇಂದ್ರದ ಆದೇಶದಲ್ಲಿ ಸ್ಪಷ್ಟವಾಗಿದೆ.

"ಬೇರೆ ಮದುವೆ ಆದ್ರೆ ಮೊದಲ ಗಂಡನ ಆಸ್ತಿ ವಾಪಸ್ ಕೊಡಬೇಕಾ?"

ಕೊಡಬೇಕಿಲ್ಲ. 1856ರ ಕಾಯ್ದೆ ಮರುಮದುವೆಗೆ ಅವಕಾಶ ಕೊಟ್ಟ ಕೈಯಲ್ಲೇ ಮೊದಲ ಗಂಡನ ಆಸ್ತಿಯ ಹಕ್ಕನ್ನು ಕಿತ್ತುಕೊಂಡಿತ್ತು. ಹಳ್ಳಿಯ ಪಂಚಾಯಿತಿ ಕಟ್ಟೆಗಳಲ್ಲಿ ಇನ್ನೂ ಕೇಳುವುದು ಆ ಕಾಲದ ಮಾತು. 1956ರಿಂದ ಹೆಂಡತಿಗೆ ಬಂದ ಪಾಲು ಅವಳ ಪೂರ್ಣ ಸ್ವತ್ತು. ಆಮೇಲೆ ಮದುವೆಯಾದರೂ ಅದು ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ.

ಪಾಲು ಎಷ್ಟು ಅನ್ನುವಲ್ಲಿ ತಪ್ಪಾಗುತ್ತದೆ. ಉಯಿಲಿಲ್ಲದೆ ಗಂಡ ತೀರಿಕೊಂಡು ಹೆಂಡತಿ, ಇಬ್ಬರು ಮಕ್ಕಳು, ಅವನ ತಾಯಿ ಇದ್ದರೆ ಅವನ ಸ್ವಯಾರ್ಜಿತ ನಾಲ್ಕು ಸಮಪಾಲು. ಅತ್ತೆಯ ಪಾಲನ್ನು ಸೊಸೆಯರು ಮರೆಯುತ್ತಾರೆ, ಮಾವನಿಗೂ ಪಾಲಿದೆ ಎಂದು ಊರವರು ತಪ್ಪಾಗಿ ಸೇರಿಸುತ್ತಾರೆ. ಮದುವೆಗೆ ಮೊದಲೇ ನಾಡಕಚೇರಿಯಿಂದ ವಂಶವೃಕ್ಷ ಮಾಡಿಸಿ, ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸಲು, ಅರ್ಜಿ ಹಾಕಿ, ಬ್ಯಾಂಕು ಮತ್ತು ವಿಮೆಯ ಕ್ಲೇಮು ಮುಗಿಸಿ. ಹೆಸರು, ವಿಳಾಸ ಬದಲಾದ ಮೇಲೆ ಪ್ರತಿ ಮೇಜಿನಲ್ಲೂ ಒಂದೊಂದು ಅಫಿಡವಿಟ್ ಕೇಳುತ್ತಾರೆ.

ಇನ್ನೊಂದು ಸೂಕ್ಷ್ಮ. ಮಕ್ಕಳಿಲ್ಲದ ಹೆಂಗಸು ಉಯಿಲು ಬರೆಯದೆ ತೀರಿಕೊಂಡರೆ ಮೊದಲ ಗಂಡನಿಂದ ಬಂದ ಆಸ್ತಿ ಆ ಗಂಡನ ವಾರಸುದಾರರಿಗೆ ಹೋಗುತ್ತದೆ, ಎರಡನೆಯ ಗಂಡನಿಗಲ್ಲ. ಬೇರೆ ಇಷ್ಟವಿದ್ದರೆ ಉಯಿಲು ಬರೆಯಲೇಬೇಕು.

"ತೀರಿಕೊಂಡ ಹೆಂಡತಿ ಒಡವೆ ಹೊಸಬಳಿಗೆ ಹಾಕಬಹುದಾ?"

ಅದು ಪೂರ್ತಿ ನಿಮ್ಮದಲ್ಲ. ಸ್ತ್ರೀಧನ ಅವಳ ಸ್ವತ್ತು. ಉಯಿಲಿಲ್ಲದಿದ್ದರೆ ಗಂಡನಿಗೂ ಪ್ರತಿ ಮಗುವಿಗೂ ಸಮಪಾಲು. 120 ಗ್ರಾಂ ಚಿನ್ನ, ಇಬ್ಬರು ಮಕ್ಕಳು ಅಂದರೆ ನಿಮ್ಮದು 40 ಗ್ರಾಂ. ಮದುವೆಗೆ ಮೊದಲು ತೂಕ ಮಾಡಿಸಿ, ಫೋಟೋ ತೆಗೆದು, ಮಕ್ಕಳ ಪಾಲನ್ನು ಬೇರೆ ಲಾಕರ್ ಅಥವಾ ಬೇರೆ ಡಬ್ಬಿಯಲ್ಲಿ ಹೆಸರು ಬರೆದಿಡಿ. ನಿಮ್ಮ ಪಾಲಿನಿಂದಲೂ ಅಮ್ಮ ದಿನಾ ಹಾಕುತ್ತಿದ್ದ ಬಳೆ, ಓಲೆಯನ್ನು ಹೊಸಬರಿಗೆ ಕೊಡಬೇಡಿ. ಆ ಓಲೆಯನ್ನು ಇನ್ನೊಬ್ಬರ ಕಿವಿಯಲ್ಲಿ ಕಂಡ ಮಗಳು ಎಷ್ಟು ವರ್ಷವಾದರೂ ಮರೆಯುವುದಿಲ್ಲ.

"ಮಗನ ಹೆಸರಿಗೆ ಹೊಸ ಗಂಡನ ಮನೆತನದ ಹೆಸರು ಹಾಕಬಹುದಾ? ಅವನಿಗೆ ಅವರ ಆಸ್ತಿ ಬರುತ್ತಾ?"

ಹೆಸರು ತಾಯಿಯ ನಿರ್ಧಾರ ಎಂದು 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ದಾಖಲೆಯಲ್ಲಿ ಹೊಸ ಗಂಡನನ್ನು 'ಮಲತಂದೆ' ಎಂದೇ ನಮೂದಿಸಬೇಕೆಂಬ ಹೈಕೋರ್ಟ್ ಆದೇಶವನ್ನು ಅದು ಬಹುತೇಕ ಕ್ರೂರವೆಂದು ಕರೆಯಿತು.

ಆಸ್ತಿಯ ಮಾತು ಬೇರೆ. ಮಲತಂದೆ ಸಹಜ ಪಾಲಕನಲ್ಲ. ಉಯಿಲಿಲ್ಲದೆ ಅವನು ತೀರಿಕೊಂಡರೆ ಮಲಮಗನಿಗೆ ಪಾಲಿಲ್ಲ. ಬೇಕಿದ್ದರೆ ದತ್ತು ತೆಗೆದುಕೊಳ್ಳಬೇಕು ಅಥವಾ ಉಯಿಲು ಬರೆಯಬೇಕು. ಹಿಂದೂ ದತ್ತಕ ಕಾಯ್ದೆಯಲ್ಲಿ ಮಗು 15 ದಾಟಿರಬಾರದು, ಈಗಾಗಲೇ ಮಗನಿದ್ದವರು ಮಗನನ್ನು ದತ್ತು ಪಡೆಯುವಂತಿಲ್ಲ, ಗಂಡಸು ಹೆಣ್ಣುಮಗುವನ್ನು ಪಡೆದರೆ 21 ವರ್ಷದ ಅಂತರ ಇರಬೇಕು. ಇದು ಹೊಂದದವರಿಗೆ ಕೇಂದ್ರ ದತ್ತು ಪ್ರಾಧಿಕಾರದ ನಿಯಮಗಳಲ್ಲಿ ಮಲತಂದೆ, ಮಲತಾಯಿಯ ದತ್ತಿಗೇ ಪ್ರತ್ಯೇಕ ದಾರಿ ಇದೆ.

## ಇನ್ನೂ ಜಟಿಲವಾದವು

"ಹೊಸ ಹೆಂಡತಿಗೂ ಅನ್ಯಾಯ ಆಗಬಾರದು, ಮೊದಲ ಮಕ್ಕಳಿಗೂ ಆಗಬಾರದು."

ಸ್ವಯಾರ್ಜಿತ ಮನೆಗೆ ಚೆನ್ನಾಗಿ ಕೆಲಸ ಮಾಡುವ ಉಯಿಲು ಹೀಗಿರುತ್ತದೆ: ಹೆಂಡತಿಗೆ ಬದುಕಿರುವ ತನಕ ವಾಸದ ಹಕ್ಕು, ಮಾರುವ ಅಡ ಇಡುವ ಹಕ್ಕಿಲ್ಲ, ಅವಳ ನಂತರ ಮನೆ ಮಕ್ಕಳಿಗೆ. ಜೊತೆಗೆ ಅವಳ ಹೆಸರಿನಲ್ಲೇ ಪೂರ್ತಿ ಅವಳದಾಗುವ ಒಂದು ಠೇವಣಿ. ಕರ ಯಾರು ಕಟ್ಟಬೇಕು, ರಿಪೇರಿ ಯಾರದು, ಬಾಡಿಗೆಗೆ ಕೊಟ್ಟರೆ ಹಣ ಯಾರಿಗೆ ಎಂಬ ಮೂರು ಸಾಲು ಬಿಟ್ಟುಹೋದ ಉಯಿಲುಗಳೇ ಕೋರ್ಟು ಹತ್ತುವುದು. ಇಬ್ಬರು ಸಾಕ್ಷಿಗಳ ಸಹಿ ಬೇಕು, ಅವರು ಫಲಾನುಭವಿಗಳಾಗಿರದಿದ್ದರೆ ಒಳ್ಳೆಯದು. ಮುದ್ರಾಂಕ ಶುಲ್ಕ ಇಲ್ಲ, ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ.

ಕ್ರೈಸ್ತರು, ಪಾರ್ಸಿಗಳು ಗಮನಿಸಿ: ಮದುವೆಗೆ ಮೊದಲು ಬರೆದ ಉಯಿಲು ನಿಮಗೆ ಮದುವೆಯಿಂದಲೇ ರದ್ದಾಗುತ್ತದೆ, ಹೊಸದು ಬರೆಯಬೇಕು. ಹಿಂದೂಗಳಿಗೆ ಹಳೆಯದೇ ಊರ್ಜಿತ, ಅದೂ ಒಂದು ಅಪಾಯ. ಯಾರೇ ಆದರೂ ಭವಿಷ್ಯನಿಧಿ, ಗ್ರಾಚುಟಿ, ಬ್ಯಾಂಕು, ವಿಮೆಯ ನಾಮನಿರ್ದೇಶನಗಳನ್ನು ಮದುವೆಯಾದ ತಿಂಗಳೊಳಗೆ ಹೊಸದಾಗಿ ಮಾಡಿ. ನಿವೃತ್ತಿಯ ನಂತರ ಮದುವೆಯಾದ ಕೇಂದ್ರ ಪಿಂಚಣಿದಾರರು ಹೊಸ ಹೆಂಡತಿಯ ಹೆಸರನ್ನು ಪಿಂಚಣಿ ಆದೇಶಕ್ಕೆ ಸೇರಿಸಲು ಮದುವೆ ಪ್ರಮಾಣಪತ್ರ, ಜಂಟಿ ಫೋಟೋ ಸಮೇತ ಹಳೆಯ ಕಚೇರಿಗೆ ಬರೆಯಬೇಕು. ನಿಮ್ಮ ನಂತರ ಆಕೆ ಒಬ್ಬಳೇ ಓಡಾಡುವಂತೆ ಬಿಡಬೇಡಿ.

"ನನಗೆ ಆಪರೇಷನ್ ಆಗಿದೆ. ಅವರಿಗೆ ಸ್ವಂತ ಮಗು ಬೇಕಂತೆ."

ಮದುವೆಗೆ ಮುಂಚೆ ಹೇಳಬೇಕಾದ ವಿಷಯ ಇದು. ಆಸ್ಪತ್ರೆಗೆ ಹೋದರೆ ಮೊದಲು ಅವರ ವೀರ್ಯ ಪರೀಕ್ಷೆ ಮಾಡಿಸಿ; ಅಗ್ಗದ್ದು, ಸುಲಭದ್ದು, ಆದರೂ ಎಲ್ಲರೂ ಹೆಂಗಸನ್ನೇ ಮೊದಲು ಮೇಜಿನ ಮೇಲೆ ಮಲಗಿಸುತ್ತಾರೆ. ಆಮೇಲೆ ನಿಮ್ಮ ಅಂಡಾಶಯದ ಪರೀಕ್ಷೆ. ನಾಳವನ್ನು ಮತ್ತೆ ಜೋಡಿಸುವ ಶಸ್ತ್ರಚಿಕಿತ್ಸೆ ಫಲಿಸುವುದು ನಿಮ್ಮ ವಯಸ್ಸು, ಹಿಂದೆ ಕ್ಲಿಪ್ ಅಥವಾ ಉಂಗುರ ಹಾಕಿದ್ದರೋ ನಾಳ ಕತ್ತರಿಸಿದ್ದರೋ, ಉಳಿದ ನಾಳದ ಉದ್ದ ಇವುಗಳ ಮೇಲೆ. ಹಳೆಯ ಡಿಸ್ಚಾರ್ಜ್ ಚೀಟಿ ಹುಡುಕಿ ಒಯ್ಯಿರಿ. ವಯಸ್ಸು ಮೂವತ್ತೆಂಟು ದಾಟಿದ್ದರೆ ಹಲವು ವೈದ್ಯರು ನೇರ ಪ್ರನಾಳ ಶಿಶುವಿನ ದಾರಿಯನ್ನೇ ಹೇಳುತ್ತಾರೆ. ಅದಕ್ಕೆ ಕಾನೂನಿನ ವಯೋಮಿತಿ ಹೆಣ್ಣಿಗೆ 50, ಗಂಡಿಗೆ 55.

"ಕೇಳೋಕೆ ನಾಚಿಕೆ. ಈ ವಯಸ್ಸಲ್ಲಿ ದೈಹಿಕ ಸಂಬಂಧ..."

ನಾಚಿಕೆ ಬೇಡ. ಮದುವೆಗೆ ಮೊದಲು ಇಬ್ಬರೂ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಮತ್ತು ಸಿಫಿಲಿಸ್ ಪರೀಕ್ಷೆ ಮಾಡಿಸಿಕೊಳ್ಳಿ. ಎಚ್‌ಐವಿ ಪರೀಕ್ಷೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರದಲ್ಲಿ ಉಚಿತ, ಗುಟ್ಟಾಗಿ ನಡೆಯುತ್ತದೆ. ಮುಟ್ಟು ನಿಲ್ಲುತ್ತಿದೆ ಎಂದು ಗರ್ಭನಿರೋಧಕ ಬಿಡಬೇಡಿ: ಕೊನೆಯ ಮುಟ್ಟಿನ ಹೊತ್ತಿಗೆ 50 ದಾಟಿದ್ದರೆ ಒಂದು ವರ್ಷ, ಅದಕ್ಕಿಂತ ಚಿಕ್ಕವರಾದರೆ ಎರಡು ವರ್ಷ ಬಳಸಬೇಕು. ಒಣಗಿ ನೋವಾದರೆ ನೀರಿನ ಮೂಲದ ಜಾರುಕ ಬಳಸಿ. ಕೊಬ್ಬರಿ ಎಣ್ಣೆ ಕಾಂಡೋಮನ್ನು ಹಾಳುಮಾಡುತ್ತದೆ. ಆಮೇಲೂ ನೋವಿದ್ದರೆ ಸ್ತ್ರೀರೋಗ ತಜ್ಞರು ಹಚ್ಚುವ ಈಸ್ಟ್ರೋಜನ್ ಕೆನೆ ಕೊಡುತ್ತಾರೆ.

ಹೆಂಡತಿ ಹೋದ ಮೇಲೆ ಮೊದಲ ಸಲ ಇನ್ನೊಬ್ಬರ ಜೊತೆ ಗಂಡಸಿಗೆ ನಿಮಿರದಿರುವುದು ಬಹಳ ಸಾಮಾನ್ಯ; ತಪ್ಪಿತಸ್ಥ ಭಾವ, ಸಕ್ಕರೆ ಕಾಯಿಲೆ, ಬಿಪಿ ಮಾತ್ರೆ ಯಾವುದೂ ಕಾರಣ ಇರಬಹುದು. ಮೆಡಿಕಲ್ ಶಾಪಿನ ಮಾತ್ರೆ ಸುಮ್ಮನೆ ನುಂಗಬೇಡಿ. ಎದೆನೋವಿಗೆ ನೈಟ್ರೇಟ್ ತೆಗೆದುಕೊಳ್ಳುವವರಿಗೆ ಅದು ಪ್ರಾಣಾಪಾಯ.

"ಪಿಂಚಣಿ ಉಳೀಲಿ ಅಂತ ಮದುವೆ ಆಗದೇ ಜೊತೆಗಿರಬಹುದಾ?"

ಇರಬಹುದು, ಅದು ಅಪರಾಧವಲ್ಲ. ಮದುವೆಯಂಥ ಸಂಬಂಧದಲ್ಲಿರುವ ಹೆಂಗಸಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ಇದೆ. ಆದರೆ ಒಬ್ಬರು ತೀರಿಕೊಂಡರೆ ಇನ್ನೊಬ್ಬರು ವಾರಸುದಾರರಲ್ಲ. ಮರುದಿನವೇ ಮಕ್ಕಳು ಬಂದು ಬೀಗ ಬದಲಾಯಿಸಬಹುದು. ಉಯಿಲು, ಜಂಟಿ ಬಾಡಿಗೆ ಕರಾರು, ನಾಮನಿರ್ದೇಶನ, ಆಸ್ಪತ್ರೆಯಲ್ಲಿ ಯಾರನ್ನು ಕೇಳಬೇಕೆಂಬ ಸಹಿ ಮಾಡಿದ ಪತ್ರ, ಇವು ನಾಲ್ಕೂ ಇಲ್ಲದೆ ಜೊತೆಗಿರಬೇಡಿ. ದೇವಸ್ಥಾನದಲ್ಲಿ ಗುಟ್ಟಾಗಿ ತಾಳಿ ಕಟ್ಟಿ, ಖಜಾನೆಗೆ 'ಮರುಮದುವೆಯಾಗಿಲ್ಲ' ಎಂದು ಬರೆದುಕೊಡುವುದು ಸುಳ್ಳು ಪ್ರಮಾಣ. ಫೋಟೋ ಒಂದು ಹೊರಬಂದರೆ ಸಾಕು.

"ಬಾಯಿ ತಪ್ಪಿ ಅವಳ ಹೆಸರು ಕರೆದುಬಿಟ್ಟೆ. ಎರಡು ದಿನದಿಂದ ಮಾತಿಲ್ಲ."

ಇಪ್ಪತ್ತೈದು ವರ್ಷ ಅಡುಗೆಮನೆಯ ಕಡೆ ತಿರುಗಿ ಕರೆದ ಹೆಸರು ನಾಲಿಗೆಗೆ ಅಂಟಿರುತ್ತದೆ. ಮೊದಲ ಒಂದೆರಡು ವರ್ಷ ಇದು ಆಗುತ್ತದೆ, ಅದರಲ್ಲೂ ಅವಸರದಲ್ಲಿ, ಜ್ವರದಲ್ಲಿ, ನಿದ್ದೆಗಣ್ಣಲ್ಲಿ. ಕೇಳಿಸಲಿಲ್ಲವೇನೋ ಎಂದು ಮುಂದೆ ಹೋಗಬೇಡಿ, ಉದ್ದ ವಿವರಣೆಯೂ ಬೇಡ. 'ತಪ್ಪಾಯ್ತು, ಹಳೆ ಅಭ್ಯಾಸ' ಎಂದು ಅಲ್ಲೇ ಹೇಳಿ, ಸರಿಯಾದ ಹೆಸರಿನಿಂದ ಮತ್ತೊಮ್ಮೆ ಕರೆಯಿರಿ. 'ಏ', 'ಕೇಳಿಲ್ಲಿ' ಎಂದು ಹೆಸರಿಲ್ಲದೆ ಕರೆಯುವ ಜಾಣತನವನ್ನು ಹಲವರು ಮಾಡುತ್ತಾರೆ. ಆಕೆಗೆ ಅದು ಇನ್ನೂ ನೋವು. ಮೊದಲಿನವರನ್ನು ಕರೆಯುತ್ತಿದ್ದ ಮುದ್ದು ಹೆಸರನ್ನು ಇವರಿಗೆ ಹಚ್ಚಬೇಡಿ. ಎರಡು ದಿನ ಮಾತಿಲ್ಲದಿದ್ದರೆ ಇವತ್ತು ಸಂಜೆ ನೀವೇ ಕಾಫಿ ಮಾಡಿ, ಹೆಸರು ಹಿಡಿದು ಕರೆಯಿರಿ.